ಕೆಂಪು ಬಾಣದ ಗುರುತು

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪುಟ್ಟೀ,

ಹೇಗಿದ್ದೀಯ? ಅಳಿಯಂದಿರು ಹೇಗಿದ್ದಾರೆ? ಕಾಗದ ನೋಡಿ ಗಾಬರಿ ಆಗಬೇಡ, ನಾನೂ ನಿಮ್ಮಪ್ಪನೂ ಗಟ್ಟಿಮುಟ್ಟಾಗೇ ಇದ್ದೀವಿ. ಅವರ ಮಂಡಿನೋವು ಇದ್ದಿದ್ದೇ. ಅಡುಗೆಮನೆ ನಲ್ಲಿ ಮತ್ತೆ ಸೋರೋಕೆ ಶುರುವಾಗಿದೆ, ನಾಳೆ ನೋಡ್ತೀನಿ ನಾಳೆ ನೋಡ್ತೀನಿ ಅಂತ ದಿನ ತಳ್ತಾ ಇದ್ದಾರೆ. ನಾನೂ ಈ ಕಾಗದಾನ ಹಾಗೇ ತಳ್ಳಿಕೊಂಡು ಬಂದೆ, ಅದಕ್ಕೇ ಅವರನ್ನ ಬಯ್ಯೋಕೆ ಈ ಸಲ ನನಗೆ ಬಾಯಿಲ್ಲ. ತಡ ಮಾಡಿದೆ ಅಂತ ಕೋಪ ಮಾಡ್ಕೋಬೇಡ.

ಫೋನ್ ಇಟ್ಕೊಂಡು ಕಾಗದ ಯಾಕೆ ಅಂತೀಯ. ಫೋನಲ್ಲಿ ನಮ್ಮಿಬ್ಬರ ಮಾತು ಎಷ್ಟು ದೂರ ಹೋಗುತ್ತೆ ಅಂತ ನಿನಗೂ ಗೊತ್ತು. ಊಟ ಆಯ್ತಾ, ಆಯ್ತು, ಅಪ್ಪ ಏನ್ಮಾಡ್ತಿದಾರೆ, ಮಲಗಿದಾರೆ. ಆಮೇಲೆ ನಾನು ಏನಾದರೂ ಒಂದು ಅಂದುಬಿಡ್ತೀನಿ, ನೀನು 'ಇಡ್ತೀನಮ್ಮ, ಕೆಲಸ ಇದೆ' ಅಂತೀಯ. ಈ ವಿಷಯ ಅಷ್ಟರಲ್ಲಿ ಮುಗಿಯೋದಲ್ಲ. ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ನೀನು ಸಾಯಂಕಾಲ ಆದರೆ ಸಾಕು ಫೋನಲ್ಲಿರೋ ಕೌದಿ ಕೂಟದಲ್ಲಿ ತುಂಡಕ್ಕ ಅನ್ನೋರ ಜೊತೆ ಹರಟೆ ಹೊಡೀತೀಯಲ್ಲ, ಆ ತುಂಡಕ್ಕ ನಾನೇ.

ಕೂತ್ಕೊಂಡು ಓದು. ಓದಿದ ಮೇಲೆ ತುಂಡಕ್ಕನ ಜೊತೆಗೂ ಮಾತು ಬಿಟ್ಟುಬಿಡ್ತೀಯೇನೋ ಅನ್ನೋದೊಂದೇ ನನ್ನ ಭಯ. ಆದದ್ದನ್ನ ಮೊದಲಿಂದ ಹೇಳ್ತೀನಿ.

ಫ್ಯಾಕ್ಟರಿ ಚೆಕಿಂಗ್ ಕೆಲಸ ಬಿಟ್ಟ ಮೇಲೆ ಮನೇಲಿ ನನ್ನ ಕೈ ಸುಮ್ಮನಿರಲಿಲ್ಲ. ನಿಮ್ಮಪ್ಪ ಮಡಚಿಟ್ಟ ಪೇಪರನ್ನೂ ಅಂಚು ಕೂಡಿಲ್ಲ ಅಂತ ಬಿಚ್ಚಿ ಮಡಚುತಿದ್ದೆ. ಅವರಿಗೆ ರೋಸಿಹೋಗಿ ಕೆಳಗಿನ ಅಂಗಡಿ ದರ್ಜಿ ಹತ್ತಿರ ಹೋಗಿ, ಇವಳಿಗೆ ಏನಾದರೂ ಕೆಲಸ ಕೊಡಪ್ಪ ಅಂದರಂತೆ. ಅವನು ಒಂದು ಚೀಲ ತುಂಡುಬಟ್ಟೆ ಕೊಟ್ಟ, ಫೋನಲ್ಲಿ ಕೌದಿ ಕೂಟಕ್ಕೆ ಸೇರಿಸಿದ. ಹೆಸರು ಏನು ಹಾಕಲಿ ಅಂದ. ನಿಜವಾದ ಹೆಸರು ಬೇಡ, ತುಂಡುಬಟ್ಟೆ ಅಂತ ಹಾಕು ಅಂದೆ. ನಾಲ್ಕು ದಿನದಲ್ಲಿ ಎಲ್ಲರ ಬಾಯಲ್ಲೂ ತುಂಡಕ್ಕ ಆದೆ.

ಅಲ್ಲಿ ಎಷ್ಟು ಜನ, ಎಷ್ಟು ಕೌದಿ! ನನಗೋ ಕಣ್ಣು ಸುಮ್ಮನಿರಬೇಕಲ್ಲ. ಯಾರೋ ನಕ್ಷತ್ರದ ಕೌದಿ ಫೋಟೋ ಹಾಕಿದ್ದರು, ಎಲ್ಲರೂ ಆಹಾ ಓಹೋ ಅಂತಿದ್ದರು. ನಾನು 'ಎಡಗಡೆ ಮೂರನೇ ಮೂಲೆ ಕೂಡಿಲ್ಲ, ಬಿಚ್ಚಿ ಮತ್ತೆ ಹೊಲೀರಿ' ಅಂತ ಬರೆದೆ. ಇನ್ನೊಬ್ಬರಿಗೆ 'ದಾರ ಸಡಿಲ, ಬಿಚ್ಚಿ' ಅಂದೆ. ಸಂಜೆ ಹೊತ್ತಿಗೆ ಕೂಟ ನಡೆಸೋ ಹೆಂಗಸು ನನಗೆ ಎಚ್ಚರಿಕೆ ಕೊಟ್ಟರು. ಕೇಳದೆ ಯಾರೂ ಯಾರ ತಪ್ಪನ್ನೂ ಎತ್ತಿ ತೋರಿಸಬಾರದು, ಅದು ಇಲ್ಲಿನ ನಿಯಮ ಅಂದರು. ಹೊಟ್ಟೆಪಾಡಿಗೆ ಜೀವನಪೂರ್ತಿ ಮಾಡಿದ ಕೆಲಸಕ್ಕೆ ಅಲ್ಲಿ ನಿಷೇಧ ಅಂದರೆ ನೋಡು. ಬಿಟ್ಟೇಬಿಡೋಣ ಅಂತ ಇದ್ದೆ.

ಆಗ ಸೊಟ್ಟಿ ಅನ್ನೋ ಹುಡುಗಿಯಿಂದ ನನಗೊಬ್ಬಳಿಗೇ ಒಂದು ಮೆಸೇಜು ಬಂತು. 'ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮ್ಮ ಕಣ್ಣು ಚುರುಕಾಗಿದೆ. ನೀವು ಹೊಲಿದಿದ್ದು ಒಂದು ತೋರಿಸಿ' ಅಂತ. ತೋರಿಸೋಕೆ ಏನಿತ್ತು ಮಣ್ಣು? ತಪ್ಪು ಹಿಡಿಯೋಕೆ ಬರುತ್ತೆ, ಹೊಲಿಯೋಕೆ ಬರಲ್ಲ. ನನ್ನ ದಿಂಬಿನ ಕವರು ಮೂರು ಮೂಲೆ ಮೂರು ದಿಕ್ಕಿಗಿತ್ತು. ಧೈರ್ಯ ಮಾಡಿ ಫೋಟೋ ಕಳಿಸಿದೆ. ಆ ಸೊಟ್ಟಿ ನೀನೇ ಅಂತ ಆಗ ನನಗೆಲ್ಲಿ ಗೊತ್ತು. ನೀನು ನಗಲಿಲ್ಲ. ಬಣ್ಣ ಚೆನ್ನಾಗಿ ಜೋಡಿಸಿದ್ದೀರಿ ಅಂದೆ. ಆಮೇಲೆ ಬಟ್ಟೆ ಹೇಗೆ ಇಸ್ತ್ರಿ ಮಾಡ್ಕೋಬೇಕು, ಎಲ್ಲಿಂದ ಪಿನ್ ಹಾಕ್ಕೋಬೇಕು, ಒಂದೊಂದನ್ನೂ ಬಿಡಿಸಿ ಹೇಳಿದೆ. ನಾನು ಕೇಳಿದ್ದನ್ನೇ ಕೇಳಿದರೂ ಸಿಡುಕಲಿಲ್ಲ. ಈ ತಾಳ್ಮೆ ಯಾರ ಮನೆ ಮಗಳದ್ದಪ್ಪಾ ಅಂತ ನಿಮ್ಮಪ್ಪನ ಹತ್ತಿರ ಹೊಗಳಿದ್ದೆ.

ಗೊತ್ತಾಗಿದ್ದು ಆ ನೀಲಿ ಕೌದಿಯಿಂದ. ನೀನು ಅದರ ಹಿಂಭಾಗದ ಫೋಟೋ ಹಾಕಿದ್ದೆ. ಮೂಲೇಲಿ ಕೆಂಪು ಬಟ್ಟೆಯ ಪುಟ್ಟ ಬಾಣ, ಅದರ ತುದಿ ಒಂದು ಹೊಲಿಗೆ ಕಡೆ. ಕೆಳಗೆ ಬರೆದಿದ್ದೆ: 'ಇದು ನನ್ನ ಸಹಿ. ಎಲ್ಲಕ್ಕಿಂತ ಕೆಟ್ಟ ಹೊಲಿಗೆ ಎಲ್ಲಿದೆಯೋ ಅಲ್ಲಿಗೆ ಬಾಣ. ನಮ್ಮಮ್ಮ ಗಾರ್ಮೆಂಟ್ಸಲ್ಲಿ ಚೆಕಿಂಗ್ ಮಾಡ್ತಿದ್ರು, ತಪ್ಪಿದ್ದ ಕಡೆ ಬಾಣದ ಸ್ಟಿಕ್ಕರ್ ಹಚ್ಚೋರು. ಬೇರೆಯವರು ತೋರಿಸೋ ಮೊದಲೇ ನಾನೇ ತೋರಿಸಿಬಿಡ್ತೀನಿ.' ಎಷ್ಟೊಂದು ಜನ ಅದಕ್ಕೆ ಹೃದಯದ ಗುರುತು ಒತ್ತಿದ್ದರು.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಮೊದಲು ಬಂದಿದ್ದು ಸಿಟ್ಟು. ಊರ ಮುಂದೆ ಅಮ್ಮನ ಮಾನ ಕಳೆದಳಲ್ಲ ಅಂತ. ಆ ಸ್ಟಿಕ್ಕರ್ ಹಾಳೆ ನನ್ನ ಜೇಬಲ್ಲೇ ಮನೆಗೆ ಬರೋದು, ನಿನ್ನ ಚಿತ್ರದ ಮೇಲೆ, ನಿನ್ನ ಸೊಟ್ಟ ಬೈತಲೆ ಮೇಲೆ ತಮಾಷೆಗೆ ಒಂದು ಅಂಟಿಸ್ತಿದ್ದೆ. ನೀನೂ ನಗ್ತಿದ್ದೆ. ನಗ್ತಿದ್ದೆ ಅಂತಲೇ ನಾನು ಅಂದ್ಕೊಂಡಿದ್ದೆ. ಸೊಟ್ಟಿ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಆಗ ಹೊಳೀತು. ಆಮೇಲೆ ಫೋಟೋ ದೊಡ್ಡದು ಮಾಡಿ ಆ ಬಾಣ ತೋರಿಸಿದ ಹೊಲಿಗೆ ನೋಡಿದೆ. ಅಲ್ಲಿ ತಪ್ಪೇ ಇರಲಿಲ್ಲ. ನನ್ನ ಟೇಬಲಿಗೆ ಬಂದಿದ್ದರೆ ಆ ಪೀಸು ಪಾಸು.

ಅವತ್ತೇ ಹೇಳಬಹುದಾಗಿತ್ತು. ಹೇಳಬೇಕು ಅಂತಲೇ ಫೋನ್ ತಗೊಂಡೆ. ಅಷ್ಟರಲ್ಲಿ 'ಇವತ್ತು ಏನು ಹೊಲಿದ್ರಿ ತುಂಡಕ್ಕ?' ಅಂತ ನಿನ್ನ ಮೆಸೇಜು ಬಂತು. 'ದಿಂಬಿನ ಕವರು' ಅಂತ ಉತ್ತರ ಬರೆದುಬಿಟ್ಟೆ. ನಿನಗೇ ಗೊತ್ತಲ್ಲ, ತುಂಡಕ್ಕ ಒಂದು ಮಾತು ಕೇಳಿದರೆ ನೀನು ಹತ್ತು ಹೇಳ್ತೀಯ. ಆಫೀಸಿನ ಮೇಲಿನವನ ಕಿರಿಕಿರಿ, ಗೋಡೆಗೆ ಬಳಿಸಿದ ಬಣ್ಣ ಅಳಿಯಂದಿರಿಗೆ ಹಿಡಿಸದಿದ್ದದ್ದು, ಸ್ಕೂಟರ್ ಕಲೀತಾ ಬಿದ್ದು ಮಂಡಿ ತರಚಿಕೊಂಡಿದ್ದು. 'ಅಮ್ಮಂಗೆ ಹೇಳಿಲ್ಲ ಅಕ್ಕ, ಬಯ್ತಾರೆ' ಅಂದೆ. 'ಬಯ್ಯೋದು ಗ್ಯಾರಂಟಿ, ಹೇಳಬೇಡ' ಅಂತ ನಾನೇ ಬರೆದು, ಒಬ್ಬಳೇ ಕೂತು ನಕ್ಕೆ. ಮಂಡಿಗೆ ಔಷಧಿ ಹಚ್ಚಿದ್ದೀಯಾ ಅಂತ ಕೇಳೋಕೆ ನಾಲಿಗೆ ತುದಿಗೆ ಬಂದಿತ್ತು. ನಿಮ್ಮಪ್ಪ, ಯಾರ ಜೊತೆ ಅಷ್ಟು ನಗು ಅಂದರು. ಒಬ್ಬಳು ಫ್ರೆಂಡು ಅಂದೆ. 'ನಿನಗೂ ಒಬ್ಬಳು ಸಿಕ್ಕಳಲ್ಲ, ಯಾವ ಪುಣ್ಯಾತ್ಗಿತ್ತಿ' ಅಂದರು.

ಹೀಗೇ ನಡೆದುಕೊಂಡು ಹೋಗ್ತಿತ್ತು. ಮಂಗಳವಾರ ನೀನು ವಿಳಾಸ ಕೇಳಿದೆ. 'ಒಂದು ಅರ್ಧ ಆಗಿರೋ ಚಿಕ್ಕ ಕೌದಿ ಇದೆ ತುಂಡಕ್ಕ, ನನ್ನ ಕೈಲಿ ಮುಗಿಸೋಕೆ ಆಗಲ್ಲ, ನಿಮಗೆ ಕಳಿಸಲಾ' ಅಂತ. ಮುಗಿಸೋಕೆ ಆಗದವರು ಇನ್ನೊಬ್ಬರಿಗೆ ಕಳಿಸೋದು ಕೂಟದ ಪದ್ಧತಿ, ಅದರಲ್ಲಿ ವಿಶೇಷ ಇಲ್ಲ. ದರ್ಜಿಗೆ ವಿಷಯ ಹೇಳಿದೆ. ನನ್ನ ಅಂಗಡಿ ವಿಳಾಸ ಕೊಟ್ಟುಬಿಡಿ, ಯಾರಿಗೂ ಗೊತ್ತಾಗಲ್ಲ ಅಂದ. ಎರಡು ಸಲ ಬರೆದು ಎರಡು ಸಲ ಅಳಿಸಿದೆ. ನಿನ್ನ ಕೈಯಿಂದ ಅದನ್ನ ಬೇರೆ ಯಾರೋ ಆಗಿ ಇಸ್ಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಈ ಕಾಗದ.

ಸಿಟ್ಟು ಬಂದರೆ ಬಯ್ದುಬಿಡು, ಫೋನಲ್ಲಾದರೂ ಸರಿ, ಕೂಟದಲ್ಲಾದರೂ ಸರಿ. ಕೆಲವು ದಿನ ಮಾತು ಬೇಡ ಅನ್ನಿಸಿದರೆ ಹಾಗೇ ಮಾಡು. ನಾನು ಬೇಜಾರು ಮಾಡ್ಕೊಳ್ಳಲ್ಲ ಅಂತ ಸುಳ್ಳು ಹೇಳಲ್ಲ, ಮಾಡ್ಕೊಳ್ತೀನಿ. ಸಾಯಂಕಾಲ ಆದರೆ ಕೈ ತಾನಾಗೇ ಫೋನ್ ಕಡೆ ಹೋಗುತ್ತೆ.

ಸ್ಕೂಟರ್ ನಿಧಾನಕ್ಕೆ ಓಡಿಸು. ಹೊತ್ತಿಗೆ ಸರಿಯಾಗಿ ತಿನ್ನು. ಇಬ್ಬರೂ ನೂರು ಕಾಲ ಚೆನ್ನಾಗಿರಿ, ನೀನು ಹಿಡಿದ ಕೆಲಸ ಎಲ್ಲ ಕೈಗೂಡಲಿ.

ನಿನ್ನ ಅಮ್ಮ
(ತುಂಡಕ್ಕನೂ ನಾನೇ)

ಮತ್ತೆ: ಲಕೋಟೆ ಅಂಟಿಸೋಕೆ ಹೋಗಿ ಮತ್ತೆ ತೆಗೆದೆ. ಆ ಅರ್ಧ ಕೌದಿ ಯಾಕೆ ಚಿಕ್ಕದು ಅಂತ ನೀನು ತುಂಡಕ್ಕನಿಗೆ ಹೇಳಿದ್ದೆ. ಯಾರಿಗೆ ಅಂತ ಶುರು ಮಾಡಿದ್ದೆನೋ ಆ ಜೀವ ಬರಲಿಲ್ಲ, ಐದು ತಿಂಗಳಿಗೇ ಹೋಯ್ತು, ನೋಡೋಕೂ ಆಗಲ್ಲ ಎಸೆಯೋಕೂ ಆಗಲ್ಲ, ಬಿಚ್ಚಿಬಿಡಲಾ ಅಕ್ಕ ಅಂತ ಕೇಳಿದ್ದೆ. ಮೆಟ್ಟಿಲ ಮೇಲೆ ಕೂತು ಓದಿದೆ. ಆ ದಿನಗಳಲ್ಲಿ ಫೋನಲ್ಲಿ ನೀನು ಜ್ವರ ಅಂದಿದ್ದೆ, ನಾನು 'ಹೊತ್ತಿಗೆ ಸರಿಯಾಗಿ ತಿನ್ನಲ್ಲ ನೀನು' ಅಂತ ಗದರಿದ್ದೆ. ನೀನು ಮುಖ ನೋಡದ ಒಬ್ಬ ಹೆಂಗಸಿಗೆ ಹೇಳಿದೆ, ನನಗೆ ಹೇಳಲಿಲ್ಲವಲ್ಲ ಪುಟ್ಟಿ. ಅದು ಎದೆಯಿಂದ ಇಳೀತಾ ಇಲ್ಲ. ನಿಮ್ಮಪ್ಪನಿಗೆ ಹೇಳಿಲ್ಲ, ಹೇಳೋದೂ ಬಿಡೋದೂ ನಿನಗೆ ಸೇರಿದ್ದು. ಜೀವನವೆಲ್ಲ ಬಿಚ್ಚು, ಬಿಚ್ಚು ಅಂತಿದ್ದ ನಾನು ಅವತ್ತು 'ಬಿಚ್ಚಬೇಡ' ಅಂತ ಬರೆದೆ. ಅದು ತುಂಡಕ್ಕ ಹೇಳಿದ್ದಲ್ಲ, ನಾನು ಹೇಳಿದ್ದು. ನೀನು ಕೇಳಿದ ವಿಳಾಸ ನೀನು ಆಡಿ ಬೆಳೆದ ಮನೇದೇ. ಪೋಸ್ಟಲ್ಲಿ ಹಾಕಬೇಡ, ತಗೊಂಡು ಬಾ, ಇಬ್ಬರೂ ಕೂತು ಮುಗಿಸೋಣ. ಒಂದು ಮಾತು ಮಾತ್ರ ಕೇಳು. ಅದಕ್ಕೆ ಬಾಣ ಹೊಲೀಬೇಡ. ತಪ್ಪು ಅದರಲ್ಲೂ ಇಲ್ಲ, ನಿನ್ನಲ್ಲೂ ಇಲ್ಲ. ಇಷ್ಟು ವರ್ಷ ಚೆಕಿಂಗ್ ಮಾಡಿದವಳು ನೋಡಿ ಹೇಳ್ತಿದ್ದೀನಿ.