ತಿರುಗಿಸಲು ಕರೆದ ಮಗಳಿಗೆ

ಮಾರ್ಚ್ 9

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ಆರು ದಿನವಾಯಿತು. ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಆ ಹೊಟ್ಟೆ ಹೊತ್ತುಕೊಂಡು ಕೂಗಾಡಬೇಡ. ಮೂರು ಸಲ ಬರೆದು ಹರಿದೆ. ನಿಮ್ಮಪ್ಪ ಕಸದ ಬುಟ್ಟಿ ನೋಡಿ, "ಏನು, ಕಾದಂಬರಿ ಬರೀತಿದ್ದೀಯಾ?" ಎಂದರು. ಪುಟ್ಟಿಯ ಮಗು ಇನ್ನೂ ತಲೆ ಕೆಳಗೆ ಮಾಡಿಲ್ಲ, ಮೇಲೆ ಮಾಡಿಕೊಂಡೇ ಕೂತಿದೆ ಎಂದೆ. "ನನ್ನ ಮೊಮ್ಮಗು ಅಲ್ವಾ, ಕೂತ ಜಾಗ ಬಿಟ್ಟು ಏಳಲ್ಲ" ಎಂದು ಅವರಿಗೆ ಹೆಮ್ಮೆ.

"ಆಸ್ಪತ್ರೇಲಿ ಹೊಟ್ಟೆ ಒತ್ತಿ ತಿರುಗಿಸ್ತಾರಂತೆ, ನಂಗೆ ಭಯ. ನೀನೇ ಬಾಮ್ಮ, ನಿನ್ನ ಕೈಗುಣ ಎಲ್ಲರಿಗೂ ಗೊತ್ತು" ಎಂದು ಬರೆದಿದ್ದೀಯ. ನಿಜ, ಮೂವತ್ತು ವರ್ಷ ಹೆರಿಗೆ ಮಾಡಿಸಿದ್ದೇನೆ. ಒಂದು ಕೈ ಮಗುವಿನ ಕುಂಡೆಯ ಕೆಳಗೆ, ಒಂದು ಕೈ ತಲೆಯ ಹಿಂದೆ ಇಟ್ಟು ಎಷ್ಟೋ ಮಕ್ಕಳನ್ನು ಹೊರಗಿನಿಂದಲೇ ತಿರುಗಿಸಿದ್ದೇನೆ. ಆದರೂ ಇದಕ್ಕೆ ಮಾತ್ರ ನಾನು ಬರುವುದಿಲ್ಲ. ಮನೆಯ ಮಂಚದ ಮೇಲೆ ಮಾಡುವ ಕೆಲಸವಲ್ಲ ಇದು. ಕೋಪ ಬಂದರೆ ಬರಲಿ.

ಮುಂದಿನ ವಾರ ಆಸ್ಪತ್ರೆಗೆ ಹೋಗು. ಮೊದಲು ಸ್ಕ್ಯಾನ್ ಮಾಡುತ್ತಾರೆ, ಹೊಟ್ಟೆ ಸಡಿಲವಾಗಲು ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚುಕಡಿಮೆಯಾದರೆ ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇರುತ್ತದೆ. ನೋವು ತಡೆಯಲಾಗದಿದ್ದರೆ ನಿಲ್ಲಿಸಿ ಎನ್ನು, ನಾಚಿಕೊಳ್ಳಬೇಡ. ತಿರುಗದಿದ್ದರೆ ಸಿಸೇರಿಯನ್, ಅದರಲ್ಲಿ ಸೋಲೇನಿಲ್ಲ. ತಿರುಗಿದರೆ, ಮಗುವಿನ ಎದೆಬಡಿತ ಪೂರ್ತಿ ನೋಡುವ ತನಕ ಹಾಸಿಗೆ ಬಿಟ್ಟೇಳಬೇಡ, ಅಳಿಯಂದಿರು ಎಷ್ಟೇ ಗಡಿಬಿಡಿ ಮಾಡಲಿ.

ಮಗು ಹುಟ್ಟಿದ ದಿನವೇ ಹೊರಟು ಬರುತ್ತೇನೆ. ಆಮೇಲೆ ನೀನು ಹೋಗು ಎಂದರೂ ಎರಡು ತಿಂಗಳು ಕದಲುವುದಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ, ಕಂದ.

ನಿನ್ನ
ಅಮ್ಮ

ಹೇಳದೆ ಉಳಿದದ್ದು: ನಿನಗಿಂತ ಮೊದಲು ನನಗೊಂದು ಗಂಡುಮಗು ಹೊಟ್ಟೆಯಲ್ಲೇ ಹೋಯಿತೆಂದು ನಿನಗೆ ಗೊತ್ತು. ಹೇಗೆ ಹೋಯಿತೆಂದು ಗೊತ್ತಿಲ್ಲ. ಅವನೂ ಹೀಗೇ ಕೂತಿದ್ದ. ಒಂದು ಮಧ್ಯಾಹ್ನ ಕದ ಹಾಕಿಕೊಂಡು, ಮಂಚದ ಮೇಲೆ ಮಲಗಿ, ನಾನೇ ತಿರುಗಿಸಿದೆ. ಊರವರ ಮಕ್ಕಳನ್ನೆಲ್ಲ ತಿರುಗಿಸಿದವಳಿಗೆ ತನ್ನದೊಂದು ಯಾವ ಲೆಕ್ಕ ಎಂಬ ಜಂಬ. ಸಲೀಸಾಗಿ ತಿರುಗಿದ. ಬೇರೆಯವರಾಗಿದ್ದರೆ ಹೊಟ್ಟೆಗೆ ಕೊಳವೆ ಇಟ್ಟು ಎದೆಬಡಿತ ಕೇಳುತ್ತಿದ್ದೆ. ನನ್ನ ಹೊಟ್ಟೆಗೆ ನನ್ನ ಕಿವಿ ಎಟುಕಲಿಲ್ಲ. ಯಾರನ್ನಾದರೂ ಕರೆಯಬಹುದಿತ್ತು, ಕರೆಯಲಿಲ್ಲ. ಎದ್ದು ಹೋಗಿ ಬಟ್ಟೆ ಒಗೆದೆ. ಮರುದಿನ ಬೆಳಗ್ಗೆ ಅವನು ಮಿಸುಕಲಿಲ್ಲ. ಕುತ್ತಿಗೆಗೆ ಹೊಕ್ಕುಳಬಳ್ಳಿ ಬಿಗಿದಿತ್ತು. "ಹಣೆಬರಹ" ಎಂದರು ಡಾಕ್ಟರು. ತಿರುಗಿಸಿದ್ದನ್ನು ಮುಚ್ಚಿಟ್ಟು, ನಾನೂ ಹೌದೆಂದು ತಲೆಯಾಡಿಸಿದೆ. ನಿಮ್ಮಪ್ಪ ಇಂದಿಗೂ ಅದನ್ನೇ ನಂಬಿದ್ದಾರೆ.

ಈ ಪತ್ರವನ್ನು ಲಕೋಟೆ ಅಂಟಿಸದೆ ನಿಮ್ಮಪ್ಪನ ಕೈಗೇ ಕೊಡುತ್ತೇನೆ, ಓದಿ ಅಂಚೆಗೆ ಹಾಕಿ ಎಂದು. ಇದು ನಿನ್ನ ಕೈ ಸೇರಿದ್ದರೆ, ಅವರಿಗೂ ಗೊತ್ತಾಗಿದೆ ಎಂದು ತಿಳಿ.