ಕೃಪೆ: ಅಂತರ್ಜಾಲ

ಗದಗ-ಬೆಟಗೇರಿ
೩೦ ಫೆಬ್ರವರಿ ೨೨೧೮

ಪ್ರಕಾಶಕಿ ನೀಲಾಂಬಿಕಾ ಸವಡಿ ಅವರಿಗೆ,

ತಾರೀಖು ತಪ್ಪಿಲ್ಲ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಪುಸ್ತಕಗಳಿಂದ. ನಿಮ್ಮ ಆಟದ ಪುಸ್ತಕ ಮುದ್ರಣಕ್ಕೆ ಹೋಗುವ ಮೊದಲೇ, ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ನಿಮ್ಮ ಕೈ ಸೇರಬೇಕು. ಸೇರದಿದ್ದರೆ ನನ್ನ ತಾಯಿಯ ಮಾತು ನಿಂತುಹೋಗುತ್ತದೆ.

ನಿಮ್ಮ ರೋಲ್ ಪ್ಲೇಯಿಂಗ್ ಗೇಮಿಗೆ ನಾವು ಪಾತ್ರದಾಟ ಎನ್ನುತ್ತೇವೆ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವುದು. ಮಧ್ಯಾಹ್ನದ ಊಟ ಮುಗಿಸಿ ಓಣಿಯ ಆಟಮನೆಗೆ ಹೋಗುವುದು ಇಲ್ಲಿನ ರೂಢಿ. ನನ್ನ ತಾಯಿ ಚೆನ್ನವ್ವನಿಗೆ ಲಕ್ವ ಹೊಡೆದು ಮೂರು ವರ್ಷ. ಮನೆಯಲ್ಲಿ ನನ್ನ ಹೆಸರನ್ನೂ ಹೇಳಲಾರಳು. ಆದರೆ ನಿಮ್ಮ ಪುಸ್ತಕದ ‘ಹೊಳೆ ದಾಟುವುದು’ ಅಧ್ಯಾಯ ತೆರೆದು ಅಂಬಿಗಿತ್ತಿಯ ಪಾತ್ರ ಕೊಟ್ಟರೆ, “ಹಗ್ಗಾ ಬಿಡಬ್ಯಾಡ್ರಿ, ನೀರು ಭಾಳ ಜೋರ ಐತಿ!” ಎಂದು ಎಲ್ಲರನ್ನೂ ಗದರಿಸುತ್ತಾಳೆ. ಹೀಗೇಕೆಂದು ವೈದ್ಯರಿಗೂ ಗೊತ್ತಿಲ್ಲ. ನನಗೆ ಅವಳ ದನಿ ಕೇಳಿದರೆ ಸಾಕು.

ಆ ಅಧ್ಯಾಯ ನೀವು ಬರೆದದ್ದಲ್ಲ. ಯಾರೋ ಬರೆದು, ‘ನನ್ನ ಹೆಸರು ಹೇಳಿ ಯಾರು ಬೇಕಾದರೂ ಬಳಸಿಕೊಳ್ಳಿ’ ಎಂದು ಮುಕ್ತ ಪರವಾನಗಿಯಲ್ಲಿ ಕೊಟ್ಟದ್ದಿರಬೇಕು, ನಿಮ್ಮ ಕಾಲದಲ್ಲಿ ಹಾಗೆ ಕೊಡುತ್ತಿದ್ದರೆಂದು ಓದಿದ್ದೇನೆ. ಬಳಸಿಕೊಂಡಿರಿ, ತಪ್ಪೇನಿಲ್ಲ. ಆದರೆ ಕೊನೆಯ ಪುಟದಲ್ಲಿ ‘ಕೃಪೆ: ಅಂತರ್ಜಾಲ’ ಎಂದು ಹಾಕಿ ಕೈತೊಳೆದುಕೊಂಡಿರಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ನಮ್ಮಲ್ಲಿ ಮೂಲಸಾಕ್ಷಿ ಎಂಬ ಕಾನೂನಿದೆ. ಇನ್ನೊಬ್ಬರ ಬರಹ ಬಳಸಿದ ಪುಸ್ತಕವು ಬರೆದವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂದು ತೋರಿಸಬೇಕು. ಇಲ್ಲವಾದರೆ ಅದು ಕಳವಿನ ಮಾಲು. ನಿನ್ನೆ ಅಧಿಕಾರಿ ರಾಜೇಸಾಬ, ನಮ್ಮ ಓಣಿಯವನೇ, ಬಂದು ಆ ಸಾಲಿನ ಮೇಲೆ ಬೆರಳಿಟ್ಟ. “ಅಂತರ್ಜಾಲ ಅಂದ್ರ ಯಾರ್ರೀ? ಯಾವ ಊರಿನವ್ರು?” ಎಂದ. ತಮಾಷೆಗಲ್ಲ, ನಿಜವಾಗಿಯೂ ಕೇಳಿದ. ಅಂತರ್ಜಾಲ ಹೋಗಿ ನೂರು ವರ್ಷವಾಯಿತು. ಇವತ್ತು ಸಂಜೆ ಐದಕ್ಕೆ ಆ ಅಧ್ಯಾಯವನ್ನು ಹರಿದು ಒಯ್ಯುತ್ತಾರೆ. ಬಾಯಿಪಾಠದಿಂದ ಆಡಿಸಿದರೂ ಆಟಮನೆಗೆ ಬೀಗ.

ಸಿಕ್ಕ ಪ್ರತಿಗಳಲ್ಲೆಲ್ಲ ಹುಡುಕಿದೆ, ಆ ಹೆಸರು ಎಲ್ಲೂ ಇಲ್ಲ. ನನಗೆ ಕೇಳಲು ಯಾರೂ ಉಳಿದಿಲ್ಲ. ನಿಮಗೆ ಹಾಗಲ್ಲ. ಬರಹ ಇಳಿಸಿಕೊಂಡ ಪುಟವನ್ನು ಮತ್ತೊಮ್ಮೆ ತೆರೆಯಿರಿ, ಹೆಸರೂ ಪರವಾನಗಿಯೂ ಅಲ್ಲೇ ಇರುತ್ತವೆ. ಎರಡನ್ನೂ ಅಚ್ಚು ಹಾಕಿಸಿ. ಅನುಮಾನವಿದ್ದರೆ ಬರೆದವರನ್ನೇ ಕೇಳಿ, ಅವರಿನ್ನೂ ಬದುಕಿದ್ದಾರೆ.

ಐದು ಹೊಡೆಯಿತು. ಇಲ್ಲಿ ಆಟಮನೆಯಲ್ಲಿ ಅವ್ವ ಇನ್ನೂ ಆಡುತ್ತಿದ್ದಾಳೆ. ರಾಜೇಸಾಬ ಚಪ್ಪಲಿ ಕಳಚಿ ಬಾಗಿಲಲ್ಲಿ ನಿಂತು, ಅವಳ ಮಾತು ಮುಗಿಯಲೆಂದು ಕಾಯುತ್ತಿದ್ದಾನೆ. ಅವಳು ಮುಗಿಸುತ್ತಿಲ್ಲ.

ಇಂತಿ,
ಹಂಪವ್ವ