ಕೈ ತೆಗೆಯಬೇಕಾದ ವೇಗ

ತರಬೇತಿ ಕೇಂದ್ರದ ಹಾಸ್ಟೆಲ್
ನವೆಂಬರ್ ೯, ಭಾನುವಾರ

ಪ್ರೀತಿಯ ಅತ್ತಿಗೆಗೆ ನಿಮ್ಮ ನಾದಿನಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀರಿ. ಬೈಯಿರಿ, ತಪ್ಪು ನನ್ನದೇ. ಇದನ್ನು ಮನೆಗೆ ಕಳಿಸದೆ ನೀವು ಕೆಲಸ ಮಾಡುವ ಔಷಧದ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ಫೋನ್ ಮಾಡಿದರೆ ಅಣ್ಣ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾನೆ. ಅವನ ಕಿವಿಗೆ ಬೀಳದ ಹಾಗೆ ನಿಮ್ಮ ಹತ್ತಿರ ಮಾತಾಡಬೇಕಿತ್ತು.

ಹೊಸದಾಗಿ ಸೇರಿದ ಪೈಲಟ್‌ಗಳಿಗೆ ಅಲ್ಲಿ ಏನು ಕಲಿಸುತ್ತಾರೆ, ಮೊದಲ ದಿನವೇ ವಿಮಾನ ಕೊಟ್ಟುಬಿಡುತ್ತಾರಾ ಎಂದು ಕೇಳಿದ್ದಿರಿ. ವಿಮಾನ ಎಲ್ಲಿ ಬಂತು ಅತ್ತಿಗೆ! ಮೊದಲು ಬರೀ ಪಾಠ. ಕರೆಂಟು ಎಲ್ಲಿಂದ ಬರುತ್ತದೆ, ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಉರು ಹೊಡೆಯುವುದು. ಆಮೇಲೆ ಕಾಗದದ ಕಾಕ್‌ಪಿಟ್. ಸ್ವಿಚ್ಚುಗಳ ದೊಡ್ಡ ಚಿತ್ರವನ್ನು ಕೋಣೆಯ ಗೋಡೆಗೆ ಅಂಟಿಸಿ, ಅದರ ಮುಂದೆ ಕುರ್ಚಿ ಹಾಕಿಕೊಂಡು, ಇಲ್ಲದ ಗುಂಡಿಗಳನ್ನು ಒತ್ತುವುದು. ಒಬ್ಬರು ಓದಬೇಕು, ಇನ್ನೊಬ್ಬರು ಮುಟ್ಟಿ ತೋರಿಸಿ ಉತ್ತರ ಕೊಡಬೇಕು. ನನ್ನ ಜೋಡಿ ಒಬ್ಬ ಉದ್ದಕಾಲಿನವನು, ಎಲ್ಲರೂ ಅವನನ್ನು ಕೊಕ್ಕರೆ ಅನ್ನುತ್ತಾರೆ. ಕೋಣೆ ಗುಡಿಸಲು ಬಂದ ಹೆಂಗಸು ನಮ್ಮಿಬ್ಬರನ್ನು ನೋಡಿ, "ಗೋಡೆ ಜೊತೆ ಮಾತಾಡೋಕೂ ಸಂಬಳ ಕೊಡ್ತಾರಾ?" ಎಂದಳು.

ನನಗೆ ಇದೇನೂ ಹೊಸದಲ್ಲ, ನಿಮಗೆ ಗೊತ್ತಲ್ಲ. ಅಡುಗೆಮನೆಯಲ್ಲಿ ಎರಡು ಕುರ್ಚಿ, ನಡುವೆ ಹಿಟ್ಟಿನ ಡಬ್ಬ, ಅದರಲ್ಲಿ ನೆಟ್ಟ ಎರಡು ಸೌಟು. ಅವೇ ಎಂಜಿನ್ನಿನ ಲಿವರುಗಳು, ಮುಂದಕ್ಕೆ ತಳ್ಳಿದರೆ ಜೋರು, ಹಿಂದಕ್ಕೆ ಎಳೆದರೆ ನಿಧಾನ. ಕಾರು ಓಡಿಸುವುದನ್ನು ಕಲಿಸುವ ಕೆಲಸಕ್ಕೆ ಹೊರಡುವ ಮುಂಚೆ ಅಣ್ಣ ದಿನಾ ನನ್ನನ್ನು ಕೂರಿಸಿಕೊಂಡು ಆ ಸೌಟು ತಳ್ಳಿಸುತ್ತಿದ್ದ. ನೀವು ಬಾಗಿಲಲ್ಲಿ ನಿಂತು, "ನಿಮ್ಮ ವಿಮಾನ ಇಳಿದ್ರೆ ನನ್ನ ಸೌಟು ಕೊಡಿ, ಅಡುಗೆ ಆಗ್ಬೇಕು" ಎನ್ನುತ್ತಿದ್ದಿರಿ. ಅಣ್ಣನಿಗೂ ಹಿಂದೆ ಇಂಥದೇ ಕೆಲಸ ಸಿಕ್ಕಿತ್ತು. ಪಾಠ ಮುಗಿದು ಕಾಗದದ ಕಾಕ್‌ಪಿಟ್‌ವರೆಗೆ ಬಂದಿದ್ದ. ಅಷ್ಟರಲ್ಲಿ ಎದೆಬಡಿತ ಸರಿಯಿಲ್ಲವೆಂದು ಡಾಕ್ಟರು ಬರೆದುಬಿಟ್ಟರು. ಕ್ಲಬ್ಬಿನ ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಬಿಟ್ಟರೆ ಅವನು ಬೇರೇನೂ ಹಾರಿಸಿದವನಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದಕ್ಕೇ ನನಗೆ ಕೆಲಸ ಸಿಕ್ಕ ದಿನ ಅವನು ನನಗಿಂತ ಹೆಚ್ಚು ಕುಣಿದಾಡಿದ್ದು.

ಪಾಠ ಮುಗಿದ ಮೇಲೆ ಸಿಮ್ಯುಲೇಟರ್. ಕಬ್ಬಿಣದ ಕಾಲುಗಳ ಮೇಲೆ ನಿಂತ ಒಂದು ದೊಡ್ಡ ಪೆಟ್ಟಿಗೆ, ಒಳಗೆ ಕೂತರೆ ಥೇಟ್ ವಿಮಾನವೇ. ಬೆನ್ನ ಹಿಂದೆ ಮೇಷ್ಟ್ರು ಕೂತಿರುತ್ತಾರೆ. ಅವರು ತಮ್ಮ ಪರದೆಗೆ ಬೆರಳು ಮುಟ್ಟಿಸಿದರೆ ಮಂಜು, ಇನ್ನೊಮ್ಮೆ ಮುಟ್ಟಿಸಿದರೆ ಬೆಂಕಿ. ರನ್‌ವೇ ಮೇಲೆ ಓಡುವಾಗ ಒಂದು ವೇಗ ಬರುತ್ತದೆ, ಅದಕ್ಕೆ ವಿ-ಒನ್ ಅನ್ನುತ್ತಾರೆ. ಅಲ್ಲಿಯವರೆಗೆ ಏನಾದರೂ ಕೆಟ್ಟರೆ ನಿಲ್ಲಿಸಬಹುದು. ಅದನ್ನು ದಾಟಿದರೆ ನಿಲ್ಲಿಸಲು ನೆಲ ಸಾಲದು, ಎಂಜಿನ್ ಹೊತ್ತಿ ಉರಿದರೂ ಮೇಲೇರಲೇಬೇಕು. ಆದ್ದರಿಂದ ಪಕ್ಕದವರು "ವಿ-ಒನ್" ಎಂದ ಕೂಡಲೇ ಲಿವರ್ ಮೇಲಿಂದ ಕೈ ತೆಗೆದುಬಿಡಬೇಕು. ಕೈ ಅಲ್ಲೇ ಇದ್ದರೆ ಗಾಬರಿಯಲ್ಲಿ ಹಿಂದಕ್ಕೆ ಎಳೆದುಬಿಡುತ್ತೇವೆ ಎಂದು ಭಯ.

ನಾನು ಎಳೆದೆ ಅತ್ತಿಗೆ. ಎಲ್ಲ ಸರಿಯಿದ್ದಾಗ ಕೈ ತೆಗೆಯುತ್ತಿದ್ದೆ. ಒಂದು ಎಂಜಿನ್ ಸತ್ತು ವಿಮಾನ ಪಕ್ಕಕ್ಕೆ ವಾಲಿದರೆ ಸಾಕು, ಕೈ ತಾನಾಗಿ ಹೋಗಿ ಲಿವರ್ ಹಿಡಿಯುತ್ತಿತ್ತು. ಪರೀಕ್ಷೆಯಲ್ಲಿ ಹಾಗೇ ಆಗಿ ರನ್‌ವೇ ಮುಗಿದು ವಿಮಾನ ಹೊಲಕ್ಕೆ ನುಗ್ಗಿತು. ಹೆಚ್ಚಿನ ತರಗತಿ ಕೊಟ್ಟರು. ಪಾಪ, ಕೊಕ್ಕರೆ ತನ್ನ ಓದು ಬಿಟ್ಟು ನನಗೋಸ್ಕರ ಗೋಡೆ ಮುಂದೆ ಕೂತು "ವಿ-ಒನ್, ವಿ-ಒನ್" ಎಂದು ಕೂಗಿ ಗಂಟಲು ಕೆಡಿಸಿಕೊಂಡ. ಎರಡನೇ ಪರೀಕ್ಷೆಯಲ್ಲೂ ಅದೇ ಹೊಲ.

ಮೇಷ್ಟ್ರು ಬೈಯಲಿಲ್ಲ. ದೀಪ ಹಾಕಿ ನನ್ನ ಕೈ ನೋಡುತ್ತಾ ಕೂತರು. "ಎಲ್ರೂ ಲಿವರ್ ಹಿಡಿದೇ ಏರೋ ಚಿಕ್ಕ ವಿಮಾನದಿಂದಲೇ ಬರ್ತಾರೆ ಕಣಮ್ಮ. ನಾಲ್ಕು ದಿನ ಹೇಳಿದ್ರೆ ಆ ಹಿಡಿತ ಬಿಟ್ಟುಹೋಗುತ್ತೆ. ನಿಂದು ಬಿಡ್ತಾನೇ ಇಲ್ಲ. ಇಷ್ಟು ಗಟ್ಟಿಯಾಗಿ ಯಾರು ಕಲಿಸಿದ್ರು?" ಎಂದರು. ನಾನು ಸೀಟಿನ ಬೆಲ್ಟು ಬಿಚ್ಚಿ ಎದ್ದೆ. ಶುಕ್ರವಾರ ಗುರುತಿನ ಚೀಟಿ ವಾಪಸ್ ತೆಗೆದುಕೊಂಡರು. ಬೇರೆ ಕಂಪನಿಯಲ್ಲಿ ಪ್ರಯತ್ನಿಸಲೇ ಎಂದು ಕೇಳಿದ್ದಕ್ಕೆ ಮೇಷ್ಟ್ರು ತಲೆ ತಗ್ಗಿಸಿದರು. ಯಾವ ಕಂಪನಿಯವರೂ ಮೊದಲು ಕೇಳುವುದೇ ಹಿಂದಿನ ಕಡೆ ಏನಾಯಿತು ಅಂತ.

ಗೋಡೆಯ ಚಿತ್ರ ಕಿತ್ತು ಸುತ್ತಿಟ್ಟಿದ್ದೇನೆ. ಗುರುವಾರ ಬರುತ್ತೇನೆ. ನಿನ್ನೆಯೂ ಅಣ್ಣ ಫೋನಿನಲ್ಲಿ, "ಯೂನಿಫಾರ್ಮಿನ ಭುಜದ ಪಟ್ಟಿ ಯಾವತ್ತು ಕೊಡ್ತಾರೆ? ನಾನು ರಜೆ ಹಾಕ್ಬೇಕು" ಎಂದ. ಅವರು ದಿನ ಇನ್ನೂ ಹೇಳಿಲ್ಲ ಎಂದೆ. ನಾನು ಬರುವಷ್ಟರಲ್ಲಿ ನೀವೇ ಮೆಲ್ಲಗೆ ಅವನಿಗೆ ತಿಳಿಸಿ. ಹುಡುಗಿಗೆ ಧೈರ್ಯ ಸಾಲಲಿಲ್ಲವಂತೆ, ಬೆಂಕಿ ಕಂಡು ಹೆದರಿಬಿಟ್ಟಳಂತೆ, ಅಷ್ಟು ಹೇಳಿ ಸಾಕು. ಹೇಡಿ ಅಂದುಕೊಂಡರೆ ಅಂದುಕೊಳ್ಳಲಿ.

ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಳ್ಳಬೇಡಿ. ನಿಮ್ಮಿಬ್ಬರ ಮನೆ ತಣ್ಣಗಿರಲಿ. ನನ್ನನ್ನೂ ಹರಸಿ, ಯಾವುದಕ್ಕೆ ಎಂದು ಮಾತ್ರ ಕೇಳಬೇಡಿ.

ಇಂತಿ,
ನಿಮ್ಮ ನಾದಿನಿ

ವಿ.ಸೂ.: ಅಂಟಿಸಿದ ಲಕೋಟೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತು, ನೀವು ಬಾಗಿಲಲ್ಲೇ ನಿಂತು ನೋಡುತ್ತಿದ್ದಿರಿ. ಸೌಟಿನಿಂದ ನನ್ನ ಕೈ ಜಾರಿದಾಗಲೆಲ್ಲ ಅಣ್ಣ ತನ್ನ ಕೈಯನ್ನು ಅದರ ಮೇಲಿಟ್ಟು ಒತ್ತುತ್ತಿದ್ದ. "ನೆಲ ಬಿಡೋವರೆಗೂ ಇದನ್ನ ಬಿಡಬೇಡ ಕಣೇ" ಎನ್ನುತ್ತಿದ್ದ. ಪುಟ್ಟ ವಿಮಾನಕ್ಕೆ ಅದೇ ಸರಿ. ದೊಡ್ಡದಕ್ಕೆ ಹಾಗಲ್ಲ ಎಂದು ಕಲಿಸುವ ಸಿಮ್ಯುಲೇಟರ್‌ವರೆಗೆ ಅವನನ್ನು ಯಾರೂ ಉಳಿಸಿಕೊಳ್ಳಲಿಲ್ಲ. ಇದು ಅವನಿಗೆ ಯಾವತ್ತೂ ಗೊತ್ತಾಗಬಾರದು. ನಾನು ಬಂದ ಕೂಡಲೇ ಕುರ್ಚಿ ಹಾಕಿ, "ಎಲ್ಲಿ ತಪ್ಪಿತು, ತೋರಿಸು" ಅನ್ನುತ್ತಾನೆ. ಅವನು ಕಲಿಸಿದ ಹಾಗೇ ಬಿಗಿಯಾಗಿ ಹಿಡಿದು ತೋರಿಸುತ್ತೇನೆ. "ಸರಿಯಾಗೇ ಇದೆಯಲ್ಲೇ" ಅನ್ನುತ್ತಾನೆ. ಆಗ ನೀವು ಬಂದು ಸೌಟು ಕೇಳಿಬಿಡಿ, ಅತ್ತಿಗೆ.